ಕೌದಿಯ ಹೊಟ್ಟೆಗೆ ಹಾಕಿದ್ದು

ಪುಟ್ಟವ್ವಾ, ಬಾಳೂ, ನಿಮ್ಮನ್ನು ಶಾಲೆಯ ಹೆಸರಿನಿಂದ ಕರೆದರೆ ನನಗೆ ಬೇರೆ ಯಾರನ್ನೋ ಕರೆದಂತಾಗುತ್ತದೆ. ಅದಕ್ಕೇ ಮನೆಯ ಹೆಸರನ್ನೇ ಬರೆದಿದ್ದೇನೆ. ಉಳಿದ ಯಾರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ನಮ್ಮವರೇ, ಯಾರಿಗೂ ಮುಜುಗರ ಆಗಬಾರದು.

ಹೋದ ವಾರ ನೀವಿಬ್ಬರೂ ಮೊಬೈಲಿನಲ್ಲಿ ಒಂದು ಫೋಟೋ ನೋಡಿ ನಕ್ಕಿರಿ. ದೊಡ್ಡ ಬಿಳಿ ಗೋಡೆ, ಸಾಲಾಗಿ ಮೊಳೆಗಳು, ಒಂದೊಂದು ಮೊಳೆಯ ಪಕ್ಕಕ್ಕೆ ಒಂದೊಂದು ಚೀಟಿ, ಚೀಟಿಯ ಮೇಲೆ ಒಬ್ಬೊಬ್ಬ ಹೆಂಗಸಿನ ಹೆಸರು. ನನ್ನದೂ ಇತ್ತು. ಮೊಳೆಗಳಿಗೆ ಮಾತ್ರ ಏನೂ ನೇತುಹಾಕಿರಲಿಲ್ಲ. “ಆಯಿ, ನಿನ್ನ ಗ್ವಾಡಿಗೆ ನೇತಹಾಕಿದ್ರೇನು? ನೀ ಇಳದು ಓಡಿ ಬಂದಿಯೇನು?” ಎಂದು ಬಾಳು ಕೇಳಿದ. ನಾನೂ ನಕ್ಕು ಸುಮ್ಮನಾದೆ. ನಾಲ್ಕು ಜನರ ಮುಂದೆ ಕುಳಿತು ಹೇಳುವುದು ನನಗೆ ಬರುವುದಿಲ್ಲ, ಆ ನಾಲ್ಕು ಜನ ನನ್ನ ಮೊಮ್ಮಕ್ಕಳೇ ಆದರೂ. ಬರೆಯುವುದು ಸ್ವಲ್ಪ ಬರುತ್ತದೆ. ಶಿರಗುಪ್ಪಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತಿದ್ದೇನೆ.

ನಾವು ಗೋಂಧಳಿಗರು. ಮನೆಯೊಳಗೆ ಮರಾಠಿ ಬೆರೆತ ಮಾತು, ಹೊರಗೆ ಹುಬ್ಬಳ್ಳಿಯ ಕನ್ನಡ. ಗಂಡಸರು ಮದುವೆಯ ಮನೆಗಳಿಗೆ ಹೋಗಿ ಸಂಬಾಳ ಬಾರಿಸುತ್ತ, ದೀವಟಿಗೆ ಹಿಡಿದು ದೇವಿಯ ಕಥೆ ಹಾಡುತ್ತಾರೆ. ನಿಮ್ಮ ಅಜ್ಜನಿಗೆ ಆ ಹಾಡುಗಳೆಲ್ಲ ಬರುತ್ತಿದ್ದವು. ಹೆಂಗಸರು ಮನೆಮನೆಗೆ ಹೋಗಿ ಕೌದಿ ಹೊಲಿಯುತ್ತೇವೆ. ಮದುವೆಯಾಗಿ ಬೈರಿದೇವರಕೊಪ್ಪಕ್ಕೆ ಬಂದ ಮೇಲೆ ನಾನು ಹೆಚ್ಚಾಗಿ ಕೇಶ್ವಾಪುರದ ಕಡೆ ಹೋಗುತ್ತಿದ್ದೆ. ಮನೆಯವರು ಹಳೆಯ ಸೀರೆ, ಧೋತರ, ಹಾಸಿಗೆಯ ಹೊದಿಕೆಗಳ ಗಂಟನ್ನು ತಂದು ಕಾರು ನಿಲ್ಲಿಸುವ ಜಾಗದಲ್ಲಿ ಇಡುತ್ತಿದ್ದರು. ಅಲ್ಲೇ ಕುಳಿತು ಹೊಲಿಯಬೇಕು. ನೀರು ಬೇಕಾದರೆ ಗೇಟಿನ ಪಕ್ಕದ ನಲ್ಲಿ. ಒಳಗೆ ಬಾ ಎಂದವರು ಕಡಿಮೆ. ಕೌದಿ ಮುಗಿದ ಮೇಲೆ ಅದು ಮಾತ್ರ ಸೀದಾ ಅವರ ಮಲಗುವ ಕೋಣೆಗೆ ಹೋಗುತ್ತಿತ್ತು.

ಕೌದಿಯನ್ನು ಅಂಚಿನಿಂದ ಹೊಲಿಯುತ್ತ ಒಳಗೆ ಬರುತ್ತೇವೆ. ಸುತ್ತು ಹಾಕುತ್ತ ಹಾಕುತ್ತ ಕೊನೆಗೆ ನಡುವೆ ಅಂಗೈಯಷ್ಟು ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದನ್ನು ಮುಚ್ಚುವ ಮೊದಲು ಒಳಗೆ ಒಂದಿಷ್ಟು ತಿನ್ನುವುದನ್ನು ಇಡಬೇಕು, ಅಕ್ಕಿಯೋ, ಹೋಳಿಗೆಯ ಚೂರೋ. ಹಸಿದ ಕೌದಿ ಹೊದ್ದರೆ ಮೈ ಬೆಚ್ಚಗಾಗುವುದಿಲ್ಲ ಎಂದು ನಮ್ಮ ಕಡೆಯ ನಂಬಿಕೆ. ಒಂದೆರಡು ಸಲ ಒಗೆದರೆ ಒಳಗಿನದು ಕರಗಿ ಹೋಗುತ್ತದೆ. ಹೋಗಲಿ, ಅಷ್ಟರಲ್ಲಿ ಅದರ ಊಟ ಮುಗಿದಿರುತ್ತದೆ. ಇನ್ನೊಂದು ಮಾತು. ಹೊಟ್ಟೆ ತುಂಬಿಸುವುದು ಮುತ್ತೈದೆಯ ಕೆಲಸ. ನಿಮ್ಮ ಅಜ್ಜ ಹೋದ ಮೇಲೆ ನಾನು ಕೌದಿಯನ್ನೆಲ್ಲ ಹೊಲಿದು, ನಡುವಿನ ಜಾಗ ಬಿಟ್ಟು, ಸೂಜಿಯನ್ನು ಅಲ್ಲೇ ಚುಚ್ಚಿ ಎದ್ದುಬಿಡುತ್ತಿದ್ದೆ. ನಿಮ್ಮ ದೊಡ್ಡಾಯಿ, ಅಂದರೆ ನಿಮ್ಮ ಅಜ್ಜನ ಅಣ್ಣನ ಹೆಂಡತಿ, ಬಂದು ತುಂಬಿಸಿ ಮುಚ್ಚುತ್ತಿದ್ದಳು.

ಇನ್ನು ಧಾರವಾಡದ ಅಕ್ಕ ಎಂದು ನೀವು ಕರೆಯುವವಳು, ನನ್ನ ತಮ್ಮನ ಮಗಳು. ನಮ್ಮ ಮನೆತನದಲ್ಲಿ ಎಂ.ಎ. ಓದಿದ ಮೊದಲನೆಯ ಹುಡುಗಿ. ಆಕೆ ಓದುತ್ತಿದ್ದಾಗ ಧಾರವಾಡದ ಒಂದು ಚಿತ್ರಶಾಲೆಯಲ್ಲಿ ಕೌದಿಗಳ ಪ್ರದರ್ಶನ ನಡೆಯಿತು. ಹೊರಗಿನ ಊರಿನ ಒಬ್ಬ ಹೆಣ್ಣುಮಗಳು ನಮ್ಮ ಓಣಿಯಲ್ಲೆಲ್ಲ ಓಡಾಡಿ ಕೊಂಡುಕೊಂಡು ಹೋಗಿದ್ದ ಕೌದಿಗಳು ಅವು. ಹುಡುಗಿ ನೋಡಲು ಹೋದಳು. ಅಲ್ಲಿ ಅವಳ ತಾಯಿ ಹೊಲಿದ ಕೌದಿ ಗೋಡೆಯ ಮೇಲಿತ್ತು. ಚಿಕ್ಕವಳಿದ್ದಾಗ ಅದರ ಮೇಲೆ ಮಲಗಿದವಳು, ಗುರುತು ಸಿಗದೆ ಇರುತ್ತದೆಯೇ. ಕೆಳಗಿನ ಚೀಟಿಯಲ್ಲಿ ಸಂಗ್ರಹಿಸಿದ ಹೆಣ್ಣುಮಗಳ ಹೆಸರಿತ್ತು. ಹೊಲಿದವರ ಹೆಸರಿನ ಜಾಗದಲ್ಲಿ ‘ಗ್ರಾಮೀಣ ಮಹಿಳೆಯರು’ ಎಂದಿತ್ತು. ಅಂಚನ್ನು ಹಿಡಿದು ನೋಡಲು ಕೈ ಚಾಚಿದರೆ ಕಾವಲಿನವನು ಮುಟ್ಟಬೇಡ ಎಂದನಂತೆ.

ಆ ದಿನ ಸಂಜೆ ಅವಳು ನಮ್ಮ ಮನೆಗೆ ಬಂದಾಗ ದೊಡ್ಡಾಯಿಯೂ ಇದ್ದಳು.

“ಕಲೆ ಅಂದ್ರ ಗ್ವಾಡಿ ಮ್ಯಾಲಿರಬೇಕು, ಕೈ ಕಟಗೊಂಡು ದೂರ ನಿಂತು ನೋಡಬೇಕು ಅಂತ ಬ್ರಿಟಿಷರು ಕಲಿಸಿ ಹೋದ್ರು, ಅತ್ತಿ. ನಾವು ಇನ್ನೂ ಅದನ್ನ ಪಾಠದಂಗ ಒಪ್ಪಸಾಕತ್ತೇವಿ. ನಮ್ಮ ಕೌದಿ ಹೆಂಗ ತೋರಸಬೇಕು ಅನ್ನೂದನ್ನ ನಾವು ಹೇಳಬೇಕೋ ಬ್ಯಾಡೋ?”

“ಬ್ರಿಟಿಷರಿಗೆ ಕೌದಿ ಹೊಲದು ಕೊಟ್ಟವರು ಯಾರು? ನಿಮ್ಮ ಮುತ್ತಜ್ಜೀನ ಇರಬೇಕು ನೋಡು,” ಎಂದಳು ದೊಡ್ಡಾಯಿ. “ಮದಲ ಚಾ ಕುಡಿ.”

ಹುಡುಗಿ ಚಹಾ ಕುಡಿದಳು, ಆದರೆ ಬಿಡಲಿಲ್ಲ. ತನ್ನಂಥ ಹುಡುಗ ಹುಡುಗಿಯರನ್ನು ಕೂಡಿಸಿದಳು. ತೊಗಲುಗೊಂಬೆ ಆಡಿಸುವವರ ಮನೆಯ ಹುಡುಗ, ಲಂಬಾಣಿ ತಾಂಡಾದ ಹುಡುಗಿ, ಕಲಘಟಗಿ ಕಡೆಯ ಸಿದ್ದಿ ಹುಡುಗ, ಹೀಗೆ. ಎಲ್ಲರೂ ಸೇರಿ ಅದೇ ಚಿತ್ರಶಾಲೆಗೆ ಹೋಗಿ ತಮಗೂ ಹಾಲ್ ಕೊಡಿ ಎಂದು ಕೇಳಿದರು. ಯಾವುದನ್ನು ಇಡುವುದು, ಎಲ್ಲಿ ಇಡುವುದು, ಬಂದವರಿಗೆ ಏನು ಹೇಳುವುದು, ಎಲ್ಲ ತಾವೇ ನೋಡಿಕೊಳ್ಳುತ್ತೇವೆ ಎಂದರು. ಬಹಳ ಸಲ ತಿರುಗಿದ ಮೇಲೆ ಅಲ್ಲಿನ ಸಾಹೇಬರು ಒಪ್ಪಿದರು. ಮೊದಲ ಸಲ ಒಂದು ವಾರ. ನಡುವೆ ಒಂದು ದಿನ ಚಿತ್ರಶಾಲೆಯ ಸಮಿತಿಯವರು ಬಂದು ನೋಡುತ್ತಾರೆ. ಅವರಿಗೆ ಸರಿ ಕಂಡರೆ ಪ್ರತಿ ವರ್ಷ ಒಂದು ವಾರ ಆ ಹಾಲ್ ಈ ಹುಡುಗರದು. ಇಲ್ಲದಿದ್ದರೆ ಹಿಂದಿನ ಹಾಗೆಯೇ, ಹೊರಗಿನವರು ಬಂದು ನಮ್ಮದನ್ನು ತೋರಿಸುತ್ತಾರೆ. ಸಾಹೇಬರು ಒಂದು ಷರತ್ತು ಹೇಳಿದ್ದರು. ಹಾಲಿನೊಳಗೆ ಬೆಂಕಿ, ನೀರು, ತಿನ್ನುವ ಪದಾರ್ಥ ಏನೂ ಬರಬಾರದು.

ನಾವು ಏಳು ಹೆಂಗಸರು ಏಳು ಕೌದಿ ಹೊಲಿಯುವುದೆಂದಾಯಿತು. ನನ್ನದರಲ್ಲಿ ನಿಮ್ಮ ಅಜ್ಜನ ಧೋತರ, ಪುಟ್ಟವ್ವನ ಯೂನಿಫಾರ್ಮಿನ ನೀಲಿ ಲಂಗ, ಬಾಳುವಿನ ತೊಟ್ಟಿಲ ಬಟ್ಟೆ ಎಲ್ಲ ಇವೆ. ಹೊಟ್ಟೆ ಮುಚ್ಚುವ ಹೊತ್ತು ಬಂದಾಗ ಹುಡುಗಿ ಎಲ್ಲರನ್ನೂ ನಮ್ಮ ಮನೆಯಲ್ಲಿ ಕೂಡಿಸಿ ಷರತ್ತಿನ ಮಾತು ತೆಗೆದಳು.

“ಈ ಸಲ ಹೊಟ್ಟಿಯೊಳಗ ಏನೂ ಹಾಕೂದು ಬ್ಯಾಡ. ಹುಳ ಬರ್ತಾವ ಅಂತಾರ.”

“ಉಪಾಸ ಕಳಸೋದು?” ಎಂದಳು ದೊಡ್ಡಾಯಿ.

“ಒಂದ ವಾರ ಅಷ್ಟ, ದೊಡ್ಡಾಯಿ. ಆಮ್ಯಾಲ ಬಿಚ್ಚಿ ಹಾಕೂಣಂತ. ಇಲ್ಲಾಂದ್ರ ಸಣ್ಣ ಪ್ಲಾಸ್ಟಿಕ್ ಮಣಿ ಹಾಕೂಣು, ಅಕ್ಕಿ ಹಂಗ ಕಾಣ್ತಾವ.”

“ಇವತ್ತ ನಿನ್ನ ತಾಟಿನ್ಯಾಗೂ ಅವನ್ನ ನೀಡ್ತೇನಿ. ಉಂಡು ಹೋಗು.”

ಎಲ್ಲರೂ ನಕ್ಕರು. ಹುಡುಗಿ ಮಾತ್ರ ನಗಲಿಲ್ಲ. “ನಾ ಮಾತು ಕೊಟ್ಟೇನ್ರಿ. ಇದೊಂದಕ್ಕ ನಮ್ಮ ಹಾಲ್ ಹೋದ್ರ ಮತ್ತ ಯಾರೂ ಕೊಡಂಗಿಲ್ಲ,” ಎಂದಳು. ಅವಳ ಮುಖ ನೋಡಿ ಎಲ್ಲರೂ ಆಯಿತು ಎಂದರು. ದೊಡ್ಡಾಯಿಯೂ ಆಯಿತು ಎಂದಳು. ನಾನು ಎಂದಿನಂತೆ ಸೂಜಿ ಚುಚ್ಚಿಟ್ಟು ಒಳಗೆ ಪಾತ್ರೆ ತೊಳೆಯಲು ಹೋದೆ. ತಿರುಗಿ ಬರುವಷ್ಟರಲ್ಲಿ ನನ್ನ ಕೌದಿಯ ಹೊಟ್ಟೆ ಮುಚ್ಚಿತ್ತು.

ಪ್ರದರ್ಶನ ಶುರುವಾಯಿತು. ಹಾಲ್ ತುಂಬ ಬೆಳಕು, ನಮ್ಮ ಕೌದಿಗಳು ಗೋಡೆಯ ಮೇಲೆ, ಪಕ್ಕದಲ್ಲಿ ನಮ್ಮ ನಮ್ಮ ಹೆಸರು. ಹುಡುಗಿಗೂ ಗೋಡೆ ಮನಸ್ಸಿಗೆ ಬಂದಿರಲಿಲ್ಲ, ಆದರೆ ಮೊದಲ ವರ್ಷ ಇಷ್ಟಾದರೂ ಆಗಲಿ ಎಂದಿದ್ದಳು. ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ನನ್ನನ್ನು ಕರೆದಾಗ ನಾನು ಬಾಗಿಲಿನ ಹಿಂದೆ ಇರುತ್ತಿದ್ದೆ. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ಬೆಳಿಗ್ಗೆ ಕಸ ಹೊಡೆಯುವವಳು ಸಾಹೇಬರನ್ನು ಕರೆದುಕೊಂಡು ಬಂದಳು.

ಕಿಟಕಿಯ ಸಂದಿಯಿಂದ ಒಂದು ಕೆಂಪು ಸಾಲು ಹೊರಟು, ಬಿಳಿ ಗೋಡೆಯ ಮೇಲೆ ಓರೆಯಾಗಿ ಬಂದು, ನನ್ನ ಕೌದಿಯ ನಟ್ಟನಡುವೆ ಮುಟ್ಟಿತ್ತು. ಇರುವೆಗಳು. ಒಂದು ಸಾಲು ಬರುತ್ತಿತ್ತು, ಒಂದು ಸಾಲು ಹೊತ್ತುಕೊಂಡು ಹೋಗುತ್ತಿತ್ತು.

“ಇರಿವೀನೂ ನೋಡಾಕ ಬಂದಾವ. ಟಿಕೀಟ ಇಲ್ಲಲ್ಲ,” ಎಂದಳು ದೊಡ್ಡಾಯಿ.

ಹುಡುಗಿ ನನ್ನನ್ನು ನೋಡಿದಳು. ನಾನು ದೊಡ್ಡಾಯಿಯನ್ನು ನೋಡಿದೆ. ದೊಡ್ಡಾಯಿ ಫ್ಯಾನು ನೋಡುತ್ತ ನಿಂತಳು.

“ದೊಡ್ಡಾಯಿ, ಏನ ಹಾಕೀದಿ?”

“ಶೇಂಗಾ ಹೋಳಿಗಿ. ಅದೂ ಅರ್ಧಾನ. ಪೂರಾ ಹಾಕಿಲ್ಲ, ನಿನ್ನ ಮಾತಿಗೆ ಮರ್ಯಾದಿ ಕೊಟ್ಟೇನಿ.”

ಸಾಹೇಬರು ಸಿಟ್ಟು ಮಾಡಲಿಲ್ಲ. ಅವರು ಒಳ್ಳೆಯವರೇ. “ಅಮ್ಮಾರ, ಬಾಜೂ ಖೋಲ್ಯಾಗ ಹಳೇ ಚಿತ್ರ ಅದಾವ್ರಿ. ಹಿಂದ ಒಂದ ಸಲ ಹುಳ ಹತ್ತಿ ಭಾಳ ಹಾಳಾಗ್ಯಾವ. ಮತ್ತ ಹಂಗಾದ್ರ ನಾ ಏನ್ ಉತ್ತರಾ ಕೊಡಲಿ?” ಎಂದರು. ಅವರ ಮಾತೂ ಸುಳ್ಳಲ್ಲ. ಮಾರನೆಯ ದಿನ ಸಮಿತಿಯವರು ಬರುವವರಿದ್ದರು. ಆಫೀಸಿನಿಂದ ಒಂದು ಕತ್ತರಿ ತರಿಸಿದರು. “ನಡುವ ನಾಕ ಬಟ್ಟಿನಷ್ಟು ಕತ್ತರಿಸಿ ಒಳಗಿಂದು ತಗೀರಿ. ಮತ್ತ ಹೊಲದು ನೇತಹಾಕ್ರಿ. ಯಾರಿಗೂ ತಿಳಿಯಂಗಿಲ್ಲ. ನಾನೂ ಮರತ ಬಿಡ್ತೇನಿ.”

ಬಟ್ಟೆ ಹರಿದ ಕೌದಿಗೆ ನಾವು ತೇಪೆ ಹಾಕುತ್ತೇವೆ. ತೀರ ಹಳೆಯದಾದರೆ ಅದರ ಮೇಲೆಯೇ ಹೊಸದನ್ನು ಹೊಲಿಯುತ್ತೇವೆ, ಹಳೆಯದು ಹೊಸದರ ಒಳಗೆ ಉಳಿಯುತ್ತದೆ. ಉಂಡ ಕೌದಿಯ ಹೊಟ್ಟೆಗೆ ಕತ್ತರಿ ಹಾಕಿದ್ದನ್ನು, ಅದರ ಹೊಲಿಗೆ ಬಿಚ್ಚಿದ್ದನ್ನು ನಾನು ನೋಡಿಲ್ಲ, ಕೇಳಿಯೂ ಇಲ್ಲ. ಹುಡುಗಿ ಕತ್ತರಿ ಕೈಗೆ ತೆಗೆದುಕೊಂಡಳು. ಅವಳು ಎಷ್ಟು ಓಡಾಡಿ ಆ ಹಾಲ್ ಪಡೆದಿದ್ದಳೆಂದು ನನಗೆ ಗೊತ್ತಿತ್ತು. ನಾಲ್ಕು ಬೆರಳಿನಷ್ಟು ಬಟ್ಟೆ ಕತ್ತರಿಸಿದರೆ ಅದು ಉಳಿಯುತ್ತಿತ್ತು.

“ಅತ್ತಿ, ಕೌದಿ ನಿಂದು. ಏನ ಮಾಡ್ಲಿ?” ಎಂದಳು.

ಎಲ್ಲರೂ ನನ್ನ ಕಡೆ ತಿರುಗಿದರು. ಬಾಗಿಲಿನ ಹಿಂದಿನಿಂದ ಹೊರಗೆ ಬಂದು ಅವಳ ಪಕ್ಕದಲ್ಲಿ ನಿಂತೆ. “ಕೌದಿ ನಂದು, ಈ ಕೆಲಸ ನಿಂದವಾ. ನೀ ಏನ ಅಂದ್ರೂ ನಾ ಇಲ್ಲೇ ನಿನ್ನ ಬಾಜೂಕ ಇರ್ತೇನಿ,” ಎಂದೆ. ಅಷ್ಟು ಜನರ ಮುಂದೆ ನಾನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟಳು. “ಸರ್, ಕೊಯ್ಯಂಗಿಲ್ರಿ. ಮಾತು ತಪ್ಪಿದ್ದು ನಮ್ಮ ತಪ್ಪು. ಕೌದಿ ಇಳಸ್ತೇವಿ, ಗ್ವಾಡಿ ಒರಿಸಿ ಸ್ವಚ್ಛ ಮಾಡಿ ಕೊಡ್ತೇವಿ.”

“ಅದೊಂದು ಇಳಸ್ರಿ. ಉಳಿದಾವ ಇರಲಿ,” ಎಂದರು ಸಾಹೇಬರು.

ಆಗ ನಮ್ಮಲ್ಲಿ ಒಬ್ಬಾಕೆ ಕೆಮ್ಮಿದಳು. “ನಂದ್ರಾಗೂ ಒಂದ ಮುಟಗಿ ಅಕ್ಕಿ ಐತ್ರಿ,” ಎಂದಳು. ಅವಳ ಪಕ್ಕದಾಕೆ, “ನಂದ್ರಾಗ ಒಣಾ ಕೊಬ್ಬರಿ,” ಎಂದಳು. ಇನ್ನೊಬ್ಬಳದು ಬೆಲ್ಲದ ಹರಳು. ತಾನೊಬ್ಬಳೇ ಕದ್ದು ಹಾಕಿದ್ದೇನೆ ಎಂದು ಒಬ್ಬೊಬ್ಬರೂ ತಿಳಿದಿದ್ದರು. ಉಪವಾಸವಿದ್ದ ಕೌದಿ ಆ ಗೋಡೆಯ ಮೇಲೆ ಒಂದೂ ಇರಲಿಲ್ಲ.

ಹುಡುಗಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. “ಒಬ್ಬರಾದ್ರೂ ನನ್ನ ಮಾತು ಕೇಳೀರೇನು?”

“ಎಲ್ಲಾರೂ ಕೇಳೇವಿ,” ಎಂದಳು ದೊಡ್ಡಾಯಿ. “ಕೇಳಿನ ಹಾಕೇವಿ.”

ಏಳೂ ಕೌದಿ ಇಳಿದವು. ಹೆಸರಿನ ಚೀಟಿಗಳನ್ನು ಕೀಳಲು ಹುಡುಗಿ ಬಿಡಲಿಲ್ಲ. ವಾರ ಮುಗಿಯುವವರೆಗೆ ಅವು ಇರಲಿ ಎಂದು ಕೇಳಿದಳು, ಸಾಹೇಬರು ಹೂಂ ಎಂದರು. ನೀವು ನೋಡಿದ ಫೋಟೋ ಆಗಿನದು. ಕೌದಿಗಳನ್ನು ಹೊರಗಿನ ವರಾಂಡದ ಕಲ್ಲಿನ ಮೇಲೆ ಹಾಸಿದೆವು. “ತಿರುಗಿ ವರಾಂಡಾಕ್ಕ ಬಂದ್ವಿ ನೋಡು, ಅತ್ತಿ,” ಎಂದು ಹುಡುಗಿ ಸಣ್ಣ ದನಿಯಲ್ಲಿ ಹೇಳಿದಳು. ಕೇಶ್ವಾಪುರದ ಮನೆಗಳ ಕಾರಿನ ಜಾಗ ನನಗೂ ನೆನಪಾಗದೆ ಇರಲಿಲ್ಲ. ಕೊಬ್ಬರಿ ಹಾಕಿದಾಕೆ, “ಇಲ್ಲಿ ಬೆಳಕ ಛಲೋ ಐತಿ. ಒಳಗ ಆ ದೀಪದಾಗ ಹೊಲಿಗಿ ಕಾಣಿಸ್ತಿರಲಿಲ್ಲ,” ಎನ್ನುತ್ತ ಚೀಲದಿಂದ ಅರ್ಧ ಹೊಲಿದ ಇನ್ನೊಂದು ಕೌದಿ ತೆಗೆದು ಶುರು ಮಾಡಿದಳು. ಸುಮ್ಮನೆ ಕೂರಲಾರದೆ ನಾವೂ ಅದರ ಒಂದೊಂದು ಅಂಚು ಹಿಡಿದೆವು.

ಜನ ಬಂದರು. ಒಳಗೆ ಹೋಗಿ ಖಾಲಿ ಗೋಡೆಯ ಹೆಸರುಗಳನ್ನು ಓದಿ, ಹೊರಗೆ ಬಂದು ಆ ಹೆಸರಿನವರು ಯಾರೆಂದು ಕೇಳಿದರು. ಕೆಲವರು ಚಪ್ಪಲಿ ಬಿಟ್ಟು ಕೌದಿಯ ಮೇಲೆಯೇ ಕುಳಿತರು. ಕಾಲೇಜಿನ ಹುಡುಗಿಯರಿಗೆ ದೊಡ್ಡಾಯಿ ಸೂಜಿ ಕೊಟ್ಟು, ಅವರು ಹಾಕಿದ ಹೊಲಿಗೆ ನೋಡಿ, “ನಿಮ್ಮ ಅವ್ವಾರು ಗುಂಡಿ ಹಚ್ಚೂದನ್ನರ ಕಲಿಸ್ಯಾರೋ ಇಲ್ಲೋ?” ಎಂದು ಕಾಡಿದಳು. ಒಬ್ಬ ತಾಯಿ ನಿದ್ದೆ ಬಂದ ಕೂಸನ್ನು ನನ್ನ ಕೌದಿಯ ಮೇಲೆ ಮಲಗಿಸಿ, ಅದರ ತಲೆ ತಟ್ಟುತ್ತ ಹುಡುಗಿಯ ಮಾತು ಕೇಳಿದಳು.

ಮಾರನೆಯ ದಿನ ಸಮಿತಿಯವರೂ ಬಂದರು. ಅವರಲ್ಲಿ ಒಬ್ಬರು ಕುಳಿತರು, ಉಳಿದವರು ನಿಂತೇ ನೋಡಿದರು. ಇರುವೆಯ ಸುದ್ದಿಯನ್ನು ಹುಡುಗಿ ತಾನೇ ಹೇಳಿದಳು, ಏನೂ ಮುಚ್ಚಿಡಲಿಲ್ಲ. ಸ್ವಲ್ಪ ದಿನಗಳ ಮೇಲೆ ಸಾಹೇಬರ ಫೋನ್ ಬಂತು. ಮುಂದಿನ ವರ್ಷ ಹಾಲ್ ಕೊಡಲು ಆಗುವುದಿಲ್ಲ, ಕಟ್ಟಡದ ನಿಯಮ ಪಾಲಿಸಿ ನಡೆಸಿಕೊಡುವ ಅನುಭವಸ್ಥರ ಜೊತೆ ಬಂದರೆ ನೋಡೋಣ ಎಂದಿದ್ದರು. ಹೇಳುವಾಗ ಅವರಿಗೂ ಕೆಟ್ಟದೆನಿಸಿತ್ತಂತೆ. ಹುಡುಗಿ ಆ ದಿನ ನಮ್ಮ ಮನೆಗೆ ಬಂದು ಗೋಡೆಗೆ ಒರಗಿ ಕುಳಿತಳು. ಊಟಕ್ಕೆ ಏಳಲಿಲ್ಲ. “ಕತ್ತರಿಸಿದ್ರ ಉಳೀತಿತ್ತಲ್ಲ, ಅತ್ತಿ,” ಎಂದು ಒಮ್ಮೆ ಅಂದಳು. ಹೌದು ಎಂದೆ. ಸುಳ್ಳು ಹೇಳಿ ಸಮಾಧಾನ ಮಾಡುವ ವಯಸ್ಸು ಅವಳದಲ್ಲ.

ಆದರೆ ಅವಳ ಜೊತೆಯವರು ಬಿಟ್ಟು ಹೋಗಲಿಲ್ಲ. ನಮ್ಮದೇ ಓಣಿಯ ಸಮುದಾಯ ಭವನದಲ್ಲಿ ಮಾಡೋಣ ಎಂದರು. ಅದಕ್ಕೆ ತಗಡಿನ ಚಾವಣಿ, ಮಳೆ ಬಂದರೆ ಮಾತು ಕೇಳುವುದಿಲ್ಲ. ಇರಲಿ ಎಂದರು. ಅಲ್ಲಿಯ ನಿಯಮಗಳನ್ನು ಮಾಡಲು ಒಂದು ಭಾನುವಾರ ಎಲ್ಲರೂ ಕೂಡಿದರು. ನಾವು ಹೆಂಗಸರೂ ಹೋದೆವು. ಕೌದಿ ಹೊಟ್ಟೆ ತುಂಬಿಯೇ ಬರುತ್ತದೆ. ನೆಲದ ಮೇಲೆ ಹಾಸುವುದು, ಮುಟ್ಟಬೇಡಿ ಎನ್ನುವಂತಿಲ್ಲ. ಗೊಂಬೆಯಾಟದ ದೀಪ ದೀಪವೇ ಇರಲಿ, ಬಲ್ಬು ಬೇಡ. ಎಲ್ಲ ಸಲೀಸಾಗಿ ಆಗುತ್ತಿತ್ತು. ಆಗ ಹುಡುಗಿ, “ಕೌದಿ ಹೊಲದವರು ತಮ್ಮ ಕೈಲೇ ಅದರ ಹೊಟ್ಟಿ ತುಂಬಸಬೇಕು. ಗಂಡ ಇರಲಿ, ಬಿಡಲಿ,” ಎಂದಳು.

ಎಲ್ಲರೂ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

“ಹಂಗ ನಡದಿಲ್ಲವಾ,” ಎಂದಳು ದೊಡ್ಡಾಯಿ. “ಹಿರ್ಯಾರು ಮಾಡಿದ್ದೈತಿ.”

“ಸಾಹೇಬ್ರು ನಿಯಮ ಹೇಳಿದಾಗ ನೀ ಕೇಳಲಿಲ್ಲ. ಯಾಕ ಅಂದ್ರ ಅದು ಸರಿ ಅನಸಲಿಲ್ಲ ನಿನಗ. ಇದು ಸರಿ ಅನಸ್ತೈತೇನು? ಧೋತರ ಆಕಿ ಗಂಡಂದು, ಹೊಲಿಗಿ ಆಕೀದು. ಕಡೀಕ ಆಕಿನ ಎದ್ದು ಹೋಗಬೇಕು.”

ದೊಡ್ಡಾಯಿ ಸಿಟ್ಟಾಗಿ ಎದ್ದು ಹೋದಳು. ನನ್ನ ಸಲುವಾಗಿ ಮನೆಯ ಹಿರಿಯಳಿಗೆ ಎದುರು ಮಾತಾಡಿದ್ದು ನನಗೂ ಹಿಡಿಸಲಿಲ್ಲ. ಹುಡುಗಿಗೆ ಹಾಗೇ ಹೇಳಿದೆ. “ನಿನ್ನ ಸಲುವಾಗಿ ಅಲ್ಲ ಅತ್ತಿ, ನಿಯಮದ ಸಲುವಾಗಿ,” ಎಂದಳು. ಆ ಮೇಲೆ ದೊಡ್ಡಾಯಿ ಬಹಳ ದಿನ ನಮ್ಮ ಕಡೆ ಬರಲಿಲ್ಲ. ಆ ಹೊತ್ತಿನಲ್ಲಿ ನಾನು ಹೊಸದೊಂದು ಕೌದಿ ಹೊಲಿಯುತ್ತಿದ್ದೆ. ಹೊಟ್ಟೆಯವರೆಗೆ ಬಂದು, ಸೂಜಿ ಚುಚ್ಚಿ, ಮಡಿಸಿ ಇಟ್ಟಿದ್ದೆ. ನಾನಾಗಿ ಅದನ್ನು ಮುಚ್ಚುವ ಧೈರ್ಯ ನನಗಿರಲಿಲ್ಲ, ನಿಯಮ ಏನೇ ಇರಲಿ.

ಒಂದು ಬೆಳಿಗ್ಗೆ ದೊಡ್ಡಾಯಿ ಬಂದಳು. ಸೆರಗಿನ ಕೆಳಗೆ ಒಂದು ಡಬ್ಬಿ. ಕೌದಿ ಎಲ್ಲಿ ಎಂದು ಕೇಳಿ, ತಾನೇ ತೆಗೆದು ಹಾಸಿದಳು. ಡಬ್ಬಿ ತೆರೆದು, ಒಂದು ಹೋಳಿಗೆ ಮುರಿದು, ಚೂರನ್ನು ನನ್ನ ಕೈಗೆ ಕೊಟ್ಟಳು.

“ಹಾಕು.”

“ಅಕ್ಕಾ, ನೀನ ಹಾಕ ಬಾ.”

“ಹಾಕಂದ್ರ ಹಾಕು. ಇರಿವಿಗೇನು ಗೊತ್ತಾಗ್ತೈತಿ ಯಾರ ಕೈಯಂದು ಅಂತ.”

ಹೋಳಿಗೆ ಇನ್ನೂ ಬಿಸಿ ಇತ್ತು, ಬೆರಳು ಚುರ್ ಎಂದಿತು. ಒಳಗಿಟ್ಟು ಮೇಲಿನ ಬಟ್ಟೆ ಮುಚ್ಚಿ ಹೊಲಿದೆ. ನಾನು ಹೊಲಿಯುವವರೆಗೆ ದೊಡ್ಡಾಯಿ ಡಬ್ಬಿಯಲ್ಲಿ ಉಳಿದದ್ದನ್ನು ತಿನ್ನುತ್ತ ಕುಳಿತಿದ್ದಳು. ಹೊಲಿಗೆ ದೂರ ದೂರ ಬೀಳುತ್ತಿದೆ ಎಂದು ತಪ್ಪೂ ತೆಗೆದಳು. ಹುಡುಗಿಗೆ ತಾನು ಬಂದು ಹೋದದ್ದನ್ನು ಹೇಳಬೇಡ ಎಂದಳು. ಹುಡುಗಿಗೆ ಅದೇ ದಿನ ಗೊತ್ತಾಯಿತು, ದೊಡ್ಡಾಯಿಯೇ ಫೋನ್ ಮಾಡಿ ಹೇಳಿದ್ದಳು.

ಹೋದ ವರ್ಷ ಸಮುದಾಯ ಭವನದಲ್ಲಿ ನಡೆದದ್ದನ್ನು ನೀವೇ ನೋಡಿದ್ದೀರಿ, ಬರೆಯಬೇಕಾಗಿಲ್ಲ. ಧಾರವಾಡದಷ್ಟು ಜನ ಬರಲಿಲ್ಲ. ಮಳೆಯೂ ಬಂತು. ಈಗ ಆ ಹುಡುಗಿ ಇನ್ನೂ ಚಿಕ್ಕವರನ್ನು ಸೇರಿಸಿಕೊಳ್ಳುತ್ತಿದ್ದಾಳೆ, ಪುಟ್ಟವ್ವನನ್ನೂ ಕೇಳಿದ್ದಾಳೆ. ಹೋಗುವುದಾದರೆ ಹೋಗು. ಅಲ್ಲಿ ನಿನಗೆ ಸರಿ ಕಾಣದ ನಿಯಮ ಇದ್ದರೆ ಅವಳಿಗೂ ಎದುರು ಹೇಳು. ಅವಳಿಗೆ ಸಿಟ್ಟು ಬಂದರೆ ನನ್ನ ಹತ್ತಿರ ಕಳಿಸು.

ಈ ಹಾಳೆಗಳನ್ನು ನಿಮ್ಮ ಅಂಕಪಟ್ಟಿಗಳಿರುವ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆದು ಬಿಸಿಲಿಗೆ ಹಿಡಿಯಿರಿ, ನನ್ನ ಪೆನ್ನಿನ ಮಸಿ ತೇವಕ್ಕೆ ಬೇಗ ಹರಡುತ್ತದೆ. ಯಾರಾದರೂ ಬಂದು ಇವನ್ನು ಎಲ್ಲಿಯಾದರೂ ತೋರಿಸುತ್ತೇವೆ ಎಂದು ಕೇಳಿದರೆ ಕೊಡುವುದೋ ಬಿಡುವುದೋ ನೀವಿಬ್ಬರೇ ಕೂಡಿ ಮಾತಾಡಿಕೊಳ್ಳಿ, ನನ್ನನ್ನು ಕೇಳಬೇಡಿ. ಅಲ್ಲಿಯವರೆಗೆ ಒಂದು ಹಾಳೆಯೂ ಕಳೆಯದ ಹಾಗೆ ನೋಡಿಕೊಂಡರೆ ಸಾಕು.